ಬ್ರೋಕರ್ ಕೆಲಸಕ್ಕೂ ಲೈಸೆನ್ಸ್ ಬೇಕಾ ಸಾರ್?

ಕಳೆದ ವಾರ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರುವಷ್ಟರಲ್ಲಿ ಒಂದು ಫೋನ್ ಬಂತು. ಸರಗೂರಿನ ಹುಡುಗ. ಡಿಗ್ರಿ ಮುಗಿಸಿದ್ದಾನೆ, ಕೆಲಸ ಸಿಕ್ಕಿಲ್ಲ. ಅವನ ಅಪ್ಪ ಮೂವತ್ತು ವರ್ಷದಿಂದ ಆ ಕಡೆ ಜಮೀನು, ಮನೆ ವ್ಯಾಪಾರ ಕುದುರಿಸಿಕೊಟ್ಟು ಜೀವನ ಮಾಡಿದವರು. ಈಗ ಮಗನೂ ಅದೇ ದಾರಿ ಹಿಡಿದಿದ್ದಾನೆ. ಮೈಸೂರಿನ ಹೊರವಲಯದ ಒಂದು ಲೇಔಟ್‌ಗೆ ಊರಿನ ಇಬ್ಬರು ಮೇಷ್ಟ್ರುಗಳನ್ನ ಕರೆದುಕೊಂಡು ಹೋಗಿ ಎರಡು ಸೈಟು ಕೊಡಿಸಿದ. ರಿಜಿಸ್ಟ್ರೇಷನ್ನೂ ಆಯ್ತು. ಕಮಿಷನ್ ಕೇಳೋಕೆ ಹೋದರೆ ಆಫೀಸಿನವರು ಒಂದೇ ಮಾತು ಕೇಳಿದರಂತೆ: "ನಿಮ್ಮ ರೇರಾ ನಂಬರ್ ಹೇಳಿ."

ಹುಡುಗ ತಬ್ಬಿಬ್ಬು. ನನಗೆ ಫೋನ್ ಮಾಡಿ ಕೇಳಿದ: "ಸಾರ್, ಬ್ರೋಕರ್ ಕೆಲಸಕ್ಕೂ ಲೈಸೆನ್ಸ್ ಬೇಕಾ? ನಮ್ಮಪ್ಪ ಯಾವತ್ತೂ ತಗೊಂಡಿರಲಿಲ್ಲ. ಟೀ ಅಂಗಡಿ ಮುಂದೆ ಕೂತು ವ್ಯಾಪಾರ ಮುಗಿಸೋರು."

ವೀಕ್ಷಕರೇ, ಈ ಪ್ರಶ್ನೆಗೆ ಬರೀ ಹೌದು ಅಂದರೂ ತಪ್ಪಾಗುತ್ತೆ, ಬರೀ ಇಲ್ಲ ಅಂದರೂ ತಪ್ಪಾಗುತ್ತೆ. ಹೌದು ಎಲ್ಲಿ, ಇಲ್ಲ ಎಲ್ಲಿ, ಈ ಎರಡರ ನಡುವೆ ಇರುವ ಸಂದಿಯಲ್ಲಿ ಯಾರ ದುಡ್ಡು, ಯಾರ ಜಮೀನು ಕಳೆದುಹೋಗುತ್ತೆ ಅನ್ನೋದನ್ನ ಇವತ್ತು ಬಿಡಿಸಿ ಹೇಳ್ತೀನಿ. ಸೈಟು ತಗೊಳ್ಳೋರೂ ಕೇಳಿ, ಜಮೀನು ಮಾರೋರೂ ಕೇಳಿ, ಮಧ್ಯದಲ್ಲಿ ನಿಂತಿರೋರಂತೂ ಕೇಳಲೇಬೇಕು.

ಮೊದಲು ಊರಿನ ವಿಷಯ. ಸರಗೂರು ಎಚ್.ಡಿ. ಕೋಟೆಯಿಂದ ಬೇರೆಯಾಗಿ ತಾಲ್ಲೂಕಾಗಿ ಇನ್ನೂ ಹತ್ತು ವರ್ಷ ಆದ ಹಾಗಿಲ್ಲ. ಕಪಿಲಾ ನದಿ ದಂಡೆಯ ಊರು. ಒಂದು ಕಡೆ ಬಂಡೀಪುರದ ಕಾಡು, ಇನ್ನೊಂದು ಕಡೆ ಕಬಿನಿ ಹಿನ್ನೀರು, ಮತ್ತೊಂದು ಕಡೆ ನುಗು ಜಲಾಶಯ. ಹತ್ತಿ, ರಾಗಿ, ಹೊಗೆಸೊಪ್ಪು ಬೆಳೆಯುವ ಭೂಮಿ. ಮೊದಲೆಲ್ಲ ಇಲ್ಲಿ ಜಮೀನು ಕೊಳ್ಳುವವನು ಪಕ್ಕದ ಹೊಲದವನೋ ಪಕ್ಕದ ಊರಿನವನೋ ಆಗಿರುತ್ತಿದ್ದ. ಯಾವ ಜಮೀನು ಯಾರದ್ದು, ಯಾರ ಅಜ್ಜನಿಗೆ ಯಾವಾಗ ಬಂತು, ಅಣ್ಣ ತಮ್ಮಂದಿರ ಜಗಳ ಎಲ್ಲಿಗೆ ಬಂದಿದೆ, ಎಲ್ಲ ಊರಿಗೇ ಗೊತ್ತಿರುತ್ತಿತ್ತು. ಅಂಥ ಕಡೆ ಬ್ರೋಕರ್‌ಗೆ ಲೈಸೆನ್ಸ್ ಯಾಕೆ ಬೇಕು? ಅವನ ಮಾತೇ ಲೈಸೆನ್ಸು. ಮಾತು ಕೆಟ್ಟರೆ ಮಾರನೇ ದಿನ ಯಾರೂ ಕರೆಯುತ್ತಿರಲಿಲ್ಲ.

ಆ ಕಾಲ ಹೋಯ್ತು. 2020ರಲ್ಲಿ ರಾಜ್ಯ ಸರ್ಕಾರ 1961ರ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡಿ ಇತ್ತು. ಅದು ಹೋದ ಮೇಲೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೂ ಸರಗೂರಿನಲ್ಲಿ ಎರಡು ಎಕರೆ ಬರೆಸಿಕೊಳ್ಳಬಹುದು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆಯ್ತು. ಶನಿವಾರ ಬೆಳಗ್ಗೆ ಹೊರಟವರು ಮಧ್ಯಾಹ್ನದೊಳಗೆ ಕಬಿನಿ ಹತ್ತಿರ ಜಮೀನು ನೋಡಬಹುದು. ಈಗ ಕೊಳ್ಳುವವನಿಗೆ ಮಾರುವವನು ಗೊತ್ತಿಲ್ಲ, ಮಾರುವವನಿಗೆ ಕೊಳ್ಳುವವನು ಗೊತ್ತಿಲ್ಲ. ಇಬ್ಬರಿಗೂ ಗೊತ್ತಿರೋದು ಮಧ್ಯದವನು ಒಬ್ಬನೇ. ಅವನ ಕೈಯಲ್ಲಿ ಈಗ ಅಷ್ಟು ಶಕ್ತಿ ಇದೆ. ಶಕ್ತಿ ಇರುವ ಕಡೆ ಕಾನೂನು ಬರಬೇಕು. ಬಂದಿದೆಯಾ? ಅರ್ಧ ಬಂದಿದೆ.

ಆ ಅರ್ಧ ಏನು ಅಂತ ನೋಡೋಣ. 2016ರಲ್ಲಿ ಸಂಸತ್ತು ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ ಮಾಡಿತು. ನಾವೆಲ್ಲ ಚಿಕ್ಕದಾಗಿ ರೇರಾ ಅಂತೀವಿ. 2017ರ ಮೇ 1ರಿಂದ ಅದು ಪೂರ್ತಿ ಜಾರಿಗೆ ಬಂತು, ಅದೇ ವರ್ಷ ಜುಲೈನಲ್ಲಿ ಕರ್ನಾಟಕದ ನಿಯಮಗಳೂ ಬಂದವು. ಬಿಲ್ಡರ್‌ಗಳಿಗೆ ಮೂಗುದಾರ ಹಾಕುವ ಕಾಯ್ದೆ ಅಂತಲೇ ಎಲ್ಲರೂ ಇದನ್ನ ತಿಳಿದಿದ್ದಾರೆ. ಆದರೆ ಅದರ 9 ಮತ್ತು 10ನೇ ಕಲಂ ಇರೋದೇ ಏಜೆಂಟರಿಗಾಗಿ.

ಏಜೆಂಟ್ ಅಂದರೆ ಯಾರು? ಬೋರ್ಡು ಹಾಕಿಕೊಂಡು ಎಸಿ ರೂಮಿನಲ್ಲಿ ಕೂತವನು ಮಾತ್ರ ಅಂದುಕೊಳ್ಳಬೇಡಿ. ಪ್ರಾಪರ್ಟಿ ಡೀಲರ್, ಬ್ರೋಕರ್, ಮಧ್ಯವರ್ತಿ, ಯಾವ ಹೆಸರಿನಿಂದ ಕರೆದರೂ ಅವನು ಏಜೆಂಟೇ ಅಂತ ಕಾಯ್ದೆ ಹೇಳುತ್ತೆ. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯ ಮಾಡಿಸಿ ಕಮಿಷನ್ ತಗೊಂಡರೆ ಸಾಕು. ವಾಟ್ಸಾಪ್ ಸ್ಟೇಟಸ್‌ನಲ್ಲಿ ಲೇಔಟ್ ಫೋಟೋ ಹಾಕಿ ಗಿರಾಕಿ ಹಿಡಿದುಕೊಡುವವನೂ ಅದರೊಳಗೆ ಬರ್ತಾನೆ. ರೇರಾದಲ್ಲಿ ನೋಂದಣಿಯಾದ ಲೇಔಟ್‌ನ ಸೈಟನ್ನೋ ಅಪಾರ್ಟ್‌ಮೆಂಟನ್ನೋ ಮಾರಿಸಿಕೊಡಬೇಕಾದರೆ ಅವನೂ ನೋಂದಣಿ ಆಗಿರಲೇಬೇಕು. ಹಾಗಾಗಿ ಆ ಸರಗೂರಿನ ಹುಡುಗನನ್ನ ನಂಬರ್ ಕೇಳಿದವರು ತಪ್ಪೇನೂ ಕೇಳಲಿಲ್ಲ.

ಹಾಗಾದರೆ ನೋಂದಣಿ ಹೇಗೆ? ಬೆಂಗಳೂರಿಗೆ ಓಡಾಡಬೇಕಿಲ್ಲ. ಕರ್ನಾಟಕ ರೇರಾದ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಫೋಟೋ, ಪ್ಯಾನ್ ಕಾರ್ಡ್, ಆಧಾರ್, ವ್ಯವಹಾರ ನಡೆಸುವ ಜಾಗದ ವಿಳಾಸಕ್ಕೆ ದಾಖಲೆ, ಹಿಂದಿನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಬೇಕು. "ನಾನು ರಿಟರ್ನ್ಸ್ ಹಾಕೇ ಇಲ್ಲವಲ್ಲ" ಅಂತ ಗಾಬರಿ ಬೀಳಬೇಡಿ. ರಿಟರ್ನ್ಸ್ ಹಾಕುವಷ್ಟು ಆದಾಯ ಇಲ್ಲದವರು ಹಾಗಂತ ಘೋಷಣೆ ಬರೆದುಕೊಟ್ಟರೆ ಸಾಕು. ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹಾಕಿದರೆ ಪಾಲುದಾರಿಕೆ ಪತ್ರ, ಕಂಪನಿ ದಾಖಲೆಗಳನ್ನೂ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಶುಲ್ಕ ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ ರೂಪಾಯಿ. ನೋಂದಣಿ 5 ವರ್ಷ ನಡೆಯುತ್ತೆ, ಆಮೇಲೆ ನವೀಕರಿಸಬೇಕು.

ಅರ್ಜಿ ಹಾಕಿದ ಮೇಲೆ ಅಧಿಕಾರಿಗಳು ವರ್ಷಗಟ್ಟಲೆ ಇಟ್ಟುಕೊಂಡು ಕೂರೋ ಹಾಗಿಲ್ಲ. 30 ದಿನದೊಳಗೆ ಕೊಡಬೇಕು, ಇಲ್ಲವಾದರೆ ಅರ್ಜಿಯಲ್ಲಿ ಕೊರತೆ ಏನಿದೆ ಅಂತ ತಿಳಿಸಬೇಕು. ತಿರಸ್ಕರಿಸುವ ಮುಂಚೆ ಅರ್ಜಿದಾರನ ಮಾತು ಕೇಳಬೇಕು. ಆ ಅವಧಿಯಲ್ಲಿ ಯಾವ ಉತ್ತರವೂ ಬರದಿದ್ದರೆ ನೋಂದಣಿ ಆಯಿತು ಅಂತಲೇ ಕಾಯ್ದೆ ಭಾವಿಸುತ್ತೆ. ಒಂದು ನೋಂದಣಿ ಇಡೀ ಕರ್ನಾಟಕಕ್ಕೆ ಸಾಕು. ಸರಗೂರಿನವನು ಮೈಸೂರಲ್ಲೂ ಮಾರಿಸಬಹುದು, ಮಂಗಳೂರಲ್ಲೂ ಮಾರಿಸಬಹುದು. ಆದರೆ ಬಾವಲಿ ಚೆಕ್‌ಪೋಸ್ಟ್ ದಾಟಿ ವಯನಾಡಿನ ಪ್ರಾಜೆಕ್ಟ್ ಮಾರಿಸಬೇಕಂದರೆ ಕೇರಳದ ರೇರಾದಲ್ಲಿ ಬೇರೆ ನೋಂದಣಿ ಆಗಬೇಕು.

ಇಪ್ಪತ್ತೈದು ಸಾವಿರ ಅಂದ ತಕ್ಷಣ ಹುಡುಗ ಫೋನಿನಲ್ಲೇ "ಅಯ್ಯೋ" ಅಂದ. ಅವನ ಮನೆಯ ಮಟ್ಟಿಗೆ ಅದು ದೊಡ್ಡ ದುಡ್ಡೇ, ನಾನು ಇಲ್ಲ ಅನ್ನಲ್ಲ. ಒಂದೇ ಸಲ ಕಟ್ಟಬೇಕಲ್ಲ. ಆದರೂ ಒಂದು ಲೆಕ್ಕ ಹಾಕಿ. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಹದಿನಾಲ್ಕು ರೂಪಾಯಿ ಹತ್ತಿರ. ಒಂದು ಟೀ ದುಡ್ಡು. ಇನ್ನೊಂದು ಕಡೆ ದಂಡ ನೋಡಿ. ನೋಂದಣಿ ಇಲ್ಲದೆ ವ್ಯಾಪಾರ ಮಾಡಿಸಿದರೆ ದಿನಕ್ಕೆ 10,000 ರೂಪಾಯಿ, ಆ ಸೈಟಿನ ಬೆಲೆಯ ಶೇಕಡಾ 5ರವರೆಗೆ ಏರುತ್ತಾ ಹೋಗಬಹುದು. ಇಪ್ಪತ್ತು ಲಕ್ಷದ ಸೈಟಾದರೆ ಹತ್ತೇ ದಿನಕ್ಕೆ ಒಂದು ಲಕ್ಷ ಮುಟ್ಟುತ್ತೆ. ಸಿಗೋ ಕಮಿಷನ್‌ಗಿಂತ ದಂಡವೇ ಜಾಸ್ತಿ!

ಸರ್ಟಿಫಿಕೇಟ್ ಬಂತು, ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕಿದ್ದಾಯ್ತು. ಕೆಲಸ ಮುಗೀತಾ? ಇಲ್ಲ, ಜವಾಬ್ದಾರಿ ಶುರುವಾಗೋದೇ ಅಲ್ಲಿಂದ. ನೀವು ಮಾಡಿಸುವ ಪ್ರತಿ ವ್ಯಾಪಾರದಲ್ಲೂ ನಿಮ್ಮ ನೋಂದಣಿ ಸಂಖ್ಯೆ ಕಾಣಿಸಬೇಕು. ರೇರಾದಲ್ಲಿ ನೋಂದಣಿಯಾಗಬೇಕಿದ್ದೂ ಆಗದ ಪ್ರಾಜೆಕ್ಟನ್ನ ಮಾರಿಸಕೂಡದು. ಲೆಕ್ಕದ ಪುಸ್ತಕ, ದಾಖಲೆ ಇಟ್ಟುಕೊಳ್ಳಬೇಕು. ಬುಕ್ಕಿಂಗ್ ಸಮಯದಲ್ಲಿ ಗಿರಾಕಿಗೆ ಸಿಗಬೇಕಾದ ಎಲ್ಲ ಕಾಗದ, ಮಾಹಿತಿ ಸಿಗುವಂತೆ ನೋಡಿಕೊಳ್ಳಬೇಕು. "ಮುಂದಿನ ತಿಂಗಳೇ ರಿಂಗ್ ರೋಡ್ ಬರುತ್ತೆ, ಪಕ್ಕದಲ್ಲೇ ಮೆಡಿಕಲ್ ಕಾಲೇಜು" ಅಂತೆಲ್ಲ ಇಲ್ಲದ್ದನ್ನ ಹೇಳಿದರೆ ಅದು ಬಾಯಿ ಮಾತಾಗಿ ಗಾಳಿಯಲ್ಲಿ ಹೋಗಲ್ಲ. ಗಿರಾಕಿ ಬಿಲ್ಡರ್ ಮೇಲೆ ದೂರು ಕೊಡುವ ಹಾಗೆ ಏಜೆಂಟ್ ಮೇಲೂ ರೇರಾಕ್ಕೆ ದೂರು ಕೊಡಬಹುದು. ಮೋಸ ಮಾಡಿದ್ದು ಸಾಬೀತಾದರೆ ನೋಂದಣಿಯೇ ರದ್ದಾಗುತ್ತೆ.

ಇಷ್ಟು ಕೇಳಿದರೆ ಕಾನೂನು ಬಿಗಿಯಾಗಿದೆ ಅನ್ನಿಸುತ್ತೆ. ಈಗ ನಾನು ಹೇಳಿದ ಇನ್ನರ್ಧಕ್ಕೆ ಬರ್ತೀನಿ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ.

ಏಜೆಂಟ್ ನೋಂದಣಿ ಕಡ್ಡಾಯ ಅಂತ ಕಾಯ್ದೆ ಹೇಳೋದು ಎಂಥ ವ್ಯಾಪಾರಕ್ಕೆ? ಯೋಜನಾ ಪ್ರದೇಶದೊಳಗೆ ಇರಬೇಕು, ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್ ಆಗಿರಬೇಕು, ಅದನ್ನ ಮಾಡಿದ ಬಿಲ್ಡರೋ ಡೆವಲಪರೋ ಮಾರುತ್ತಿರಬೇಕು. ಈ ಮೂರೂ ಸೇರಿದರೆ ಮಾತ್ರ. 500 ಚದರ ಮೀಟರ್‌ಗಿಂತ ಹೆಚ್ಚು ಜಾಗದ ಲೇಔಟ್ ನೋಂದಣಿ ಆಗಬೇಕು ಅಂತ ನಿಯಮ. 500 ಚದರ ಮೀಟರ್ ಅಂದರೆ ಹೆಚ್ಚು ಕಡಿಮೆ ಐದು ಗುಂಟೆ. 30–40 ಅಳತೆಯ ನಾಲ್ಕೂವರೆ ಸೈಟಿನಷ್ಟು ಜಾಗ, ಅಷ್ಟೇ. ಅಂದರೆ ಪಟ್ಟಣದ ಅಂಚಿನಲ್ಲಿ ಅರ್ಧ ಎಕರೆಯಲ್ಲಿ ಸೈಟು ಮಾಡಿ ಮಾರುವವರೂ ಇದರೊಳಗೆ ಬರ್ತಾರೆ. ಇದು ಒಳ್ಳೆಯದೇ.

ಆದರೆ ಸರಗೂರಿನ ಟೀ ಅಂಗಡಿ ಮುಂದೆ ನಡೆಯೋ ವ್ಯಾಪಾರ ಯಾವುದು ಹೇಳಿ? ರಾಗಿ ಹೊಲ, ಹತ್ತಿ ಹೊಲ, ನಾಲೆ ಪಕ್ಕದ ಒಂದೂವರೆ ಎಕರೆ ಗದ್ದೆ, ಊರೊಳಗಿನ ಹಳೇ ಹೆಂಚಿನ ಮನೆ, ಒಬ್ಬರು ಕೊಂಡು ಬಿಟ್ಟ ಸೈಟನ್ನ ಇನ್ನೊಬ್ಬರಿಗೆ ಮಾರೋದು. ಇವು ಯಾವುದಕ್ಕೂ ಈ ಏಜೆಂಟ್ ನೋಂದಣಿಯ ನಿಯಮ ತಾಗೋದಿಲ್ಲ. ಆ ಹುಡುಗ ನಾಳೆ ಬೆಳಗ್ಗೆ ಎರಡು ಎಕರೆ ಕೃಷಿ ಜಮೀನು ಮಾರಿಸಿಕೊಟ್ಟರೆ ಯಾರೂ ಅವನ ನಂಬರ್ ಕೇಳಲ್ಲ. ಸೈಟಿಗಿಂತ ಜಮೀನಿನಲ್ಲೇ ಮೋಸ ಜಾಸ್ತಿ, ದುಡ್ಡೂ ಜಾಸ್ತಿ. ಅಲ್ಲೇ ಕಾವಲು ಇಲ್ಲ!

ಇದರಿಂದ ಏನಾಗುತ್ತೆ? ಒಂದು ಉದಾಹರಣೆ ತಗೊಳ್ಳಿ. ಒಬ್ಬ ನಿವೃತ್ತ ನೌಕರರು ಪಿಂಚಣಿ ಗಂಟಿನಲ್ಲಿ ನಲವತ್ತು ಲಕ್ಷ ಕೊಟ್ಟು ಎರಡು ಎಕರೆ ಕೊಳ್ಳುತ್ತಾರೆ. ಬ್ರೋಕರ್ ಪಹಣಿ ತೋರಿಸಿದ, ಮ್ಯುಟೇಷನ್ ತೋರಿಸಿದ, ಋಣಭಾರ ಪತ್ರ ತೋರಿಸಿದ. ಎಲ್ಲ ಸರಿ ಇದೆ. ಬೇಲಿ ಹಾಕಿ, ಬೋರ್ ಕೊರೆಸಿ, ತೆಂಗಿನ ಸಸಿ ನೆಟ್ಟರು. ನಾಲ್ಕು ವರ್ಷ ಆದ ಮೇಲೆ ಹುಣಸೂರಿನ ಉಪವಿಭಾಗಾಧಿಕಾರಿ ಕಚೇರಿಯಿಂದ ನೋಟಿಸ್ ಬಂತು. ಯಾಕಂದರೆ ಆ ಜಮೀನು ಎಷ್ಟೋ ವರ್ಷದ ಹಿಂದೆ ಸರ್ಕಾರ ಪರಿಶಿಷ್ಟ ಜಾತಿಯ ಒಂದು ಕುಟುಂಬಕ್ಕೆ ಮಂಜೂರು ಮಾಡಿದ್ದು. ಸರ್ಕಾರದ ಅನುಮತಿ ಇಲ್ಲದೆ ಕೈ ಬದಲಾಗಿದೆ.

ಇದಕ್ಕೆ ಇರೋದು 1978ರ ಕಾಯ್ದೆ. ಜನ ಪಿಟಿಸಿಎಲ್ ಅಂತ ಕರೀತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡಿದರೆ ಆ ಮಾರಾಟವೇ ಅಸಿಂಧು. ಭೂಮಿ ಮೂಲ ಕುಟುಂಬಕ್ಕೆ ವಾಪಸ್ ಹೋಗಬೇಕು. ಇಷ್ಟು ವರ್ಷ ಆಯ್ತು, ಇನ್ನು ಕೇಳೋ ಹಾಗಿಲ್ಲ ಅಂತ ವಾದ ಮಾಡುತ್ತಿದ್ದವರ ಬಾಯಿಗೆ ಬೀಗ ಹಾಕೋಕೆ ಅಂತ 2023ರಲ್ಲಿ ತಿದ್ದುಪಡಿ ಬಂತು. ಕಾಲಮಿತಿ ಇಲ್ಲ ಅಂತ ಅದು ಹೇಳುತ್ತೆ.

ಕೊಂಡವರು ಕಣ್ಣೀರು ಹಾಕ್ತಾರೆ, ನ್ಯಾಯವೇ. ಆದರೆ ಆ ಇನ್ನೊಂದು ಕುಟುಂಬದ ಕಡೆಗೂ ನೋಡಿ. ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಯಾರೋ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಚಿಲ್ಲರೆ ಕಾಸಿಗೆ ಬರೆಸಿಕೊಂಡಿರುತ್ತಾರೆ. ಈ ತಾಲ್ಲೂಕಿನಲ್ಲಿ ಕಬಿನಿ ಕಟ್ಟೆಗೆ ಭೂಮಿ ಕೊಟ್ಟವರಿದ್ದಾರೆ, ಕಾಡು ಬಿಟ್ಟು ಬಂದ ಜೇನುಕುರುಬರು, ಕಾಡುಕುರುಬರಿದ್ದಾರೆ. ಅವರಿಗೆ ಸಿಕ್ಕಿದ ಎರಡು ಎಕರೆ ಒಂದು ಸರ್ವೆ ನಂಬರ್ ಮಾತ್ರ ಅಲ್ಲ, ಮಕ್ಕಳ ಅನ್ನ. ಆ ಭೂಮಿ ಕಾಯೋಕೆ ಅಂತಲೇ ಕಾಯ್ದೆ ಬಂದಿದ್ದು. ಅಲ್ಲಿ ಇಬ್ಬರೂ ಸೋತರು. ಗೆದ್ದವನು ಯಾರು? ಎರಡು ಸಲವೂ ಮಧ್ಯದಲ್ಲಿ ನಿಂತು ಕಮಿಷನ್ ತಗೊಂಡವನು. ಅವನ ಹೆಸರು ಕ್ರಯಪತ್ರದಲ್ಲಿ ಇಲ್ಲ. ಸಾಕ್ಷಿಯಾಗಿಯೂ ಸಹಿ ಹಾಕಿರಲ್ಲ, ಜಾಣ!

ಅದಕ್ಕೇ ಕೊಳ್ಳುವವರಿಗೆ ನನ್ನ ಮೊದಲ ಮಾತು: ರೇರಾ ನಂಬರ್ ಇರುವ ಏಜೆಂಟ್ ಅಂದರೆ ಅವನು ಯಾರು, ಎಲ್ಲಿರ್ತಾನೆ ಅಂತ ಸರ್ಕಾರಕ್ಕೆ ಗೊತ್ತು ಅಂತ ಅರ್ಥ. ಅವನು ತೋರಿಸೋ ಜಮೀನು ಶುದ್ಧ ಅಂತ ಅರ್ಥ ಅಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ "ರೇರಾ ಅಪ್ರೂವ್ಡ್" ಅಂತ ಅಚ್ಚು ಹಾಕಿಸಿಕೊಂಡು ಫಾರ್ಮ್ ಪ್ಲಾಟ್ ಹೆಸರಲ್ಲಿ ಕೃಷಿ ಜಮೀನನ್ನ ತುಂಡು ತುಂಡಾಗಿ ಮಾರೋರಿದ್ದಾರೆ. ಏಜೆಂಟ್‌ದು ಬೇರೆ ನಂಬರ್, ಪ್ರಾಜೆಕ್ಟ್‌ದು ಬೇರೆ ನಂಬರ್. ಎರಡನ್ನೂ ಕೇಳಿ, ಎರಡನ್ನೂ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ಕೃಷಿ ಜಮೀನಾದರೆ ಪಹಣಿಯಲ್ಲಿ ಇವತ್ತಿನ ಹೆಸರು ನೋಡಿದರೆ ಸಾಲದು. ಆ ಹೆಸರು ಅಲ್ಲಿಗೆ ಹೇಗೆ ಬಂತು ಅಂತ ಹಿಂದಕ್ಕೆ ಹೋಗಿ. ಪಿತ್ರಾರ್ಜಿತವೋ, ಕ್ರಯವೋ, ಸರ್ಕಾರದ ಮಂಜೂರಾತಿಯೋ? ಮಂಜೂರಾತಿ ಆಗಿದ್ದರೆ ಮೂಲ ಆದೇಶ, ಸಾಗುವಳಿ ಚೀಟಿ ನೋಡಿ, ಮಾರಬಾರದು ಅನ್ನೋ ಷರತ್ತು ಇದೆಯಾ ಓದಿ. ಸರ್ವೆ ನಂಬರ್‌ನಲ್ಲಿ ಒಂದು ಭಾಗ ಮಾತ್ರ ಕೊಳ್ಳೋದಾದರೆ 11ಇ ಸ್ಕೆಚ್ ಕೇಳಿ. ಜಿಪಿಎ ಮೇಲೆ ಮಾರ್ತೀನಿ ಅಂದರೆ ಹಿಂದೆ ಸರಿಯಿರಿ. ಜಿಪಿಎಯಿಂದ ಮಾಲೀಕತ್ವ ವರ್ಗಾವಣೆ ಆಗೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕಾಡಂಚಿನ ಜಮೀನಿಗೆ "ರೆಸಾರ್ಟ್ ಮಾಡಬಹುದು ಸಾರ್" ಅಂತ ಆಸೆ ಹುಟ್ಟಿಸಿದರೆ, ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ ಘೋಷಣೆ ಆಗಿದೆ, ಅದರೊಳಗೆ ಈ ಊರು ಬರುತ್ತಾ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಮಾರುವ ರೈತರಿಗೂ ಒಂದು ಮಾತು. ನಿಮಗೆ ಎಕರೆಗೆ ಹದಿನೈದು ಲಕ್ಷ ಅಂತ ಹೇಳಿ, ಗಿರಾಕಿ ಹತ್ತಿರ ಇಪ್ಪತ್ತು ಲಕ್ಷ ತಗೊಂಡು, ಮಧ್ಯದ ಐದು ಲಕ್ಷ ಜೇಬಿಗೆ ಇಳಿಸೋ ಆಟ ನಿಮಗೆ ಹೊಸದಲ್ಲ. ಕೃಷಿ ಜಮೀನಿಗೆ ರೇರಾ ಇಲ್ಲದಿರಬಹುದು, 1872ರ ಕರಾರು ಕಾಯ್ದೆ ಇದೆ. ನಿಮ್ಮ ಪರವಾಗಿ ವ್ಯವಹಾರ ಮಾಡಿದ ಏಜೆಂಟ್, ನೀವು ಕೇಳಿದಾಗ ಸರಿಯಾದ ಲೆಕ್ಕ ಕೊಡಲೇಬೇಕು ಅಂತ ಅದು ಹೇಳುತ್ತೆ. ಆದರೆ ಅವನು ನಿಮ್ಮ ಏಜೆಂಟ್ ಅನ್ನೋದಕ್ಕೆ ಒಂದು ಚೀಟಿಯಾದರೂ ಇರಬೇಕಲ್ಲ? ಕಮಿಷನ್ ಎಷ್ಟು, ಯಾರು ಕೊಡಬೇಕು, ಯಾವಾಗ ಕೊಡಬೇಕು ಅಂತ ಮೊದಲೇ ಬರೆದುಕೊಳ್ಳಿ. ಕಮಿಷನ್ ಇಷ್ಟೇ ಅಂತ ರೇರಾ ಕಾಯ್ದೆಯೂ ನಿಗದಿ ಮಾಡಿಲ್ಲ. ಅದು ನೀವೇ ಮಾತಾಡಿಕೊಳ್ಳಬೇಕಾದ ವಿಷಯ. ಗಿರಾಕಿಯನ್ನ ನೇರವಾಗಿ ಒಮ್ಮೆ ಭೇಟಿ ಮಾಡಿಸು ಅಂತ ಹಟ ಹಿಡಿಯಿರಿ. ಭೇಟಿ ಮಾಡಿಸೋಕೆ ಹಿಂದೇಟು ಹಾಕಿದರೆ ಅಲ್ಲೇ ನಿಮಗೆ ಉತ್ತರ ಸಿಕ್ಕಿತು.

ಇನ್ನು ಸರ್ಕಾರ. ಪಕ್ಕದ ಮಹಾರಾಷ್ಟ್ರ ಏನು ಮಾಡಿದೆ ನೋಡಿ. ಅಲ್ಲಿನ ರೇರಾ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ ಮಾಡಿತು. ಪಾಸಾದವರಿಗೇ ನೋಂದಣಿ. ಅಮೆರಿಕದಲ್ಲಂತೂ ಪ್ರತಿ ರಾಜ್ಯದಲ್ಲೂ ಪಾಠ ಕೇಳಿ ಪರೀಕ್ಷೆ ಬರೆದವನಿಗೇ ಲೈಸೆನ್ಸ್. ನಮ್ಮ 2017ರ ನಿಯಮಗಳಲ್ಲಿ ದುಡ್ಡು ಕಟ್ಟಬೇಕು, ಕಾಗದ ಕೊಡಬೇಕು ಅಂತಿದೆ. ಪಹಣಿ ಓದೋಕೆ ಬರುತ್ತಾ, ಪಿಟಿಸಿಎಲ್ ಅಂದರೇನು ಗೊತ್ತಾ ಅಂತ ಯಾರೂ ಕೇಳಲ್ಲ. ಇಪ್ಪತ್ತೈದು ಸಾವಿರ ಕಟ್ಟಿಸಿಕೊಳ್ಳೋ ಸರ್ಕಾರ ಅದಕ್ಕೆ ಬದಲಾಗಿ ತಾಲ್ಲೂಕು ಕೇಂದ್ರದಲ್ಲಿ ನಾಲ್ಕು ದಿನ ಕನ್ನಡದಲ್ಲಿ ಪಾಠ ಹೇಳಿಸೋಕಾಗಲ್ವಾ? ಹಳ್ಳಿಯ ಕೃಷಿ ಜಮೀನಿನ ಮಧ್ಯವರ್ತಿಗೂ ಒಂದು ಸಣ್ಣ ಶುಲ್ಕದ ನೋಂದಣಿ ಮಾಡಿ, ಕ್ರಯಪತ್ರದಲ್ಲಿ ಅವನ ಹೆಸರು, ಅವನು ಪಡೆದ ಕಮಿಷನ್ ಬರೆಸಬೇಕು ಅಂತ ಒಂದು ಸಾಲು ಸೇರಿಸಿದರೆ ಸಾಕು, ಅರ್ಧ ಮೋಸ ನಿಲ್ಲುತ್ತೆ. ಹೆಸರು ಬರೆಯೋಕೆ ಹೆದರೋನು ವ್ಯಾಪಾರಕ್ಕೇ ಬರಲ್ಲ.

ಕೊನೆಗೆ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. "ಲೇಔಟ್ ಸೈಟು ಮಾರಿಸ್ತೀನಿ ಅಂದರೆ ನೋಂದಣಿ ಮಾಡಿಸ್ಕೋ ಕಣಪ್ಪ, ಬೇರೆ ದಾರಿ ಇಲ್ಲ. ಜಮೀನು ಮಾರಿಸೋಕೆ ಕಾನೂನು ನಿನ್ನನ್ನ ಕೇಳಲ್ಲ, ಹಾಗಂತ ನೀನು ಬಿಟ್ಟುಬಿಡಬೇಡ. ಒಂದು ಪುಸ್ತಕ ಇಟ್ಕೋ. ಯಾವ ಜಮೀನು, ಯಾರಿಂದ ಯಾರಿಗೆ, ಎಷ್ಟಕ್ಕೆ, ನಿನಗೆ ಸಿಕ್ಕಿದ್ದೆಷ್ಟು, ಯಾವ್ಯಾವ ಕಾಗದ ತೋರಿಸಿದೆ ಅಂತ ಬರಿ. ಇಬ್ಬರ ಸಹಿ ಹಾಕಿಸ್ಕೋ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಸಾರ್, ಎರಡು ಸೈಟಿನ ಕಮಿಷನ್ ಹೋಯ್ತಾ ಹಾಗಾದ್ರೆ?"

ಹೋಯ್ತು ಅಂತಲೇ ಇಟ್ಕೋ ಅಂದೆ. ಬೇಜಾರಾಯ್ತು ಅವನಿಗೆ, ನನಗೂ ಆಯ್ತು. ಅವನಪ್ಪನ ಕಾಲದಲ್ಲಿ ಮಾತಿಗೆ ಬೆಲೆ ಇತ್ತು, ಯಾಕಂದರೆ ಮಾತು ಕೊಟ್ಟವನು ಸಂಜೆ ಅದೇ ಊರಿನ ಬೀದಿಯಲ್ಲಿ ಸಿಗುತ್ತಿದ್ದ. ಈಗ ಕೊಂಡವನು ಬೆಂಗಳೂರಿನಲ್ಲಿದ್ದಾನೆ, ಮಾರಿದವನು ದುಡ್ಡು ಖರ್ಚು ಮಾಡಿಕೊಂಡು ಕೂಲಿಗೆ ಹೋಗ್ತಿದ್ದಾನೆ. ಊರಿನಲ್ಲಿ ಉಳಿಯೋನು ಮಧ್ಯದವನೇ. ಅವನು ಪುಸ್ತಕ ತೆರೆದು ತೋರಿಸೋ ಹಾಗಿದ್ದರೆ, ಅದೇ ಅವನ ನಿಜವಾದ ಲೈಸೆನ್ಸು.